ಬಿಸಿ, ಜಿಡ್ಡು, ಹೊತ್ತು: ಪ್ಲಾಸ್ಟಿಕ್ಕಿನಿಂದ ಹಾರ್ಮೋನಿನವರೆಗೆ

ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಪ್ಲಾಸ್ಟಿಕ್ಕಿನಿಂದ ಹಾರ್ಮೋನು ಏರುಪೇರಾಗುತ್ತದೆಯೇ ಎಂದು ಕೇಳಿ ಮೈಸೂರು, ಮಂಡ್ಯ ಜಿಲ್ಲೆಗಳಿಂದ ಬಂದ ಪತ್ರಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಮನೆಯೊಳಗಿನ ವಿಷಯಗಳಿರುವುದರಿಂದ ಬರೆದವರ ಹೆಸರು ಹಾಕಿಲ್ಲ, ಊರಷ್ಟೇ ಇದೆ.

ಸೊಸೆಗೆ ಈಗ ಮೂರು ತಿಂಗಳು. ಬಿಸಿ ಅನ್ನ, ಸಾರನ್ನು ಪ್ಲಾಸ್ಟಿಕ್ ಡಬ್ಬಿಗೆ ಹಾಕಿಕೊಂಡು ಕೆಲಸಕ್ಕೆ ಹೋಗುತ್ತಾಳೆ. ಮಧ್ಯಾಹ್ನ ಅದೇ ಡಬ್ಬಿಯನ್ನು ಮೈಕ್ರೋವೇವಿನಲ್ಲಿ ಇಡುತ್ತಾಳಂತೆ. ಬೇಡ ಕಣಮ್ಮ ಅಂದರೆ, "ಅತ್ತೆ, ಇದು ಮೈಕ್ರೋವೇವ್ ಡಬ್ಬಿನೇ" ಅಂತಾಳೆ. ಡಬ್ಬಿಗೂ ಹಾರ್ಮೋನಿಗೂ ಏನು ಸಂಬಂಧ, ಅವಳಿಗೆ ತಿಳಿಯುವ ಹಾಗೆ ಹೇಳಿ.
— ಸರಸ್ವತಿಪುರಂ, ಮೈಸೂರು

ಮೈಕ್ರೋವೇವ್ ಡಬ್ಬಿ ಎಂದು ಬರೆದಿದ್ದರೆ ಆ ಕಾವಿಗೆ ಡಬ್ಬಿ ಸೊಟ್ಟಗಾಗುವುದಿಲ್ಲ, ಕರಗುವುದಿಲ್ಲ ಎಂದಷ್ಟೇ ಅರ್ಥ. ಅದರಿಂದ ಊಟಕ್ಕೆ ಏನೂ ಇಳಿಯುವುದಿಲ್ಲ ಎಂಬ ಮಾತು ಅದರಲ್ಲಿಲ್ಲ. ಸೊಸೆಗೆ ಸ್ಟೀಲ್ ಡಬ್ಬಿ ಕೊಡಿ. ಬಿಸಿ ಮಾಡಿಕೊಳ್ಳಲೇಬೇಕಾದರೆ ಒಂದು ಗಾಜಿನ ಬಟ್ಟಲನ್ನೋ ಪಿಂಗಾಣಿ ತಟ್ಟೆಯನ್ನೋ ಕೆಲಸದ ಜಾಗದಲ್ಲೇ ಇಟ್ಟುಕೊಂಡು ಅದಕ್ಕೆ ಬಗ್ಗಿಸಿಕೊಳ್ಳಲಿ. ಸ್ಟೀಲನ್ನು ಮೈಕ್ರೋವೇವಿಗೆ ಇಡಬಾರದು.

ಈಗ ಸಂಬಂಧದ ಮಾತು. ಪ್ಲಾಸ್ಟಿಕ್ ಎಂದರೆ ಉದ್ದನೆಯ ಸರಪಳಿಯಂಥ ಅಣುಗಳು. ಅವುಗಳ ನಡುವೆ ಬೇರೆ ಚಿಕ್ಕ ಅಣುಗಳನ್ನು ಬೆರೆಸಿರುತ್ತಾರೆ: ಮೆತ್ತಗಾಗಲು ಒಂದು, ಬಣ್ಣಕ್ಕೆ ಒಂದು, ಬಿಸಿಲಿಗೆ ಸೀಳದಿರಲು ಒಂದು, ಬೆಂಕಿ ಬೇಗ ಹತ್ತದಿರಲು ಇನ್ನೊಂದು. ಇವುಗಳಲ್ಲಿ ಹೆಚ್ಚಿನವು ಸರಪಳಿಗೆ ಬೆಸೆದುಕೊಂಡಿರುವುದಿಲ್ಲ. ಅವಲಕ್ಕಿಗೆ ಕಲಸಿದ ಎಣ್ಣೆಯ ಹಾಗೆ ಸುಮ್ಮನೆ ನಡುವೆ ಕೂತಿರುತ್ತವೆ. ಮೆತ್ತನೆಯ ಪಿವಿಸಿಯಲ್ಲಿ ತೂಕದ ನೂರಕ್ಕೆ 40ರವರೆಗೂ ಥ್ಯಾಲೇಟ್ ಎಂಬ ಮೆದುಕಾರಿ ಇರಬಹುದು. ಬಿಸಿ ತಾಗಿದರೆ ಈ ಅಣುಗಳ ಓಡಾಟ ಹೆಚ್ಚುತ್ತದೆ. ಜಿಡ್ಡು ತಾಗಿದರೆ ಅದರಲ್ಲಿ ಕರಗಿ ಹೊರಬರುತ್ತವೆ. ಹೊತ್ತು ಹೆಚ್ಚಾದಷ್ಟೂ ಹೆಚ್ಚು ಬರುತ್ತವೆ. ಬಿಸಿ, ಜಿಡ್ಡು, ಹೊತ್ತು, ಈ ಮೂರನ್ನು ನೆನಪಿಟ್ಟುಕೊಂಡರೆ ಮುಂದಿನ ಎಷ್ಟೋ ಪ್ರಶ್ನೆಗಳಿಗೆ ನೀವೇ ಉತ್ತರ ಹೇಳಬಹುದು. ಹುಳಿ ಮತ್ತು ಉಪ್ಪು ಕೂಡ ಸ್ವಲ್ಪ ಕೈಜೋಡಿಸುತ್ತವೆ.

ಇಷ್ಟು ಸಣ್ಣ ಪ್ರಮಾಣ ಏನು ಮಾಡೀತು ಎಂದು ಅನ್ನಿಸುವುದು ಸಹಜ. ಆದರೆ ಹಾರ್ಮೋನಿನ ಲೆಕ್ಕವೇ ಸಣ್ಣದು. ಒಂದು ಗ್ರಾಮನ್ನು ಲಕ್ಷ ಕೋಟಿ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು ಒಂದು ಪಿಕೋಗ್ರಾಂ. ಹೆಣ್ಣಿನ ಮುಖ್ಯ ಹಾರ್ಮೋನಾದ ಈಸ್ಟ್ರಡಯಾಲ್, ಮುಟ್ಟಾಗುವ ವಯಸ್ಸಿನಲ್ಲಿ ಒಂದು ಮಿಲಿಲೀಟರ್ ರಕ್ತದಲ್ಲಿ ಇರುವುದು ಇಂಥ ಕೆಲವು ಹತ್ತರಿಂದ ಕೆಲವು ನೂರು ಪಾಲುಗಳು ಮಾತ್ರ. ಅಷ್ಟರಲ್ಲೇ ಗರ್ಭಕೋಶ, ಮೂಳೆ, ಮಿದುಳು ಎಲ್ಲವೂ ಅದರ ಮಾತು ಕೇಳುತ್ತವೆ. ಕೆಲವು ಗಟ್ಟಿ ಪ್ಲಾಸ್ಟಿಕ್ಕುಗಳಲ್ಲಿರುವ ಬಿಸ್ಫೀನಾಲ್-ಎ, ಅಂದರೆ ಬಿಪಿಎ, ಈಸ್ಟ್ರಡಯಾಲ್‌ನಂಥ ಈಸ್ಟ್ರೊಜನ್ ಹಾರ್ಮೋನು ಕೂರಬೇಕಾದ ಜಾಗದಲ್ಲಿ ಹೋಗಿ ಕೂರಬಲ್ಲದು. ಅದರ ಹಿಡಿತ ಈಸ್ಟ್ರಡಯಾಲ್‌ಗಿಂತ ಸಾವಿರ ಪಾಲಿಗೂ ಕಡಿಮೆ, ನಿಜ. ಆದರೆ ದಿನಾ, ಹಲವು ದಾರಿಗಳಿಂದ ಬರುತ್ತದೆ. ಥ್ಯಾಲೇಟ್‌ನ ದಾರಿ ಬೇರೆ. ಡಿಇಎಚ್‌ಪಿ, ಡಿಬಿಪಿಯಂಥ ಥ್ಯಾಲೇಟ್‌ಗಳು ಗಂಡಿನ ಮುಖ್ಯ ಹಾರ್ಮೋನಾದ ಟೆಸ್ಟೊಸ್ಟೆರಾನ್ ತಯಾರಿಯನ್ನೇ ತಗ್ಗಿಸುತ್ತವೆ ಎಂಬುದು ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಗಟ್ಟಿಯಾಗಿ ಕಂಡಿದೆ. ಟಿವಿ, ಕಂಪ್ಯೂಟರಿನ ಕವಚಗಳಿಗೆ ಬೆಂಕಿ ತಡೆಯಲೆಂದು ಹಾಕುತ್ತಿದ್ದ ಬ್ರೋಮಿನ್ ರಾಸಾಯನಿಕಗಳ ಆಕಾರ ಥೈರಾಯ್ಡ್ ಹಾರ್ಮೋನಿಗೆ ಹತ್ತಿರ.

ಗರ್ಭದಲ್ಲಿ ಇದಕ್ಕೆ ತೂಕ ಹೆಚ್ಚು. ಗಂಡು ಮಗುವಾದರೆ 8ರಿಂದ 14ನೇ ವಾರದ ನಡುವೆ ಅದರದೇ ಟೆಸ್ಟೊಸ್ಟೆರಾನ್ ಜನನಾಂಗದ ರೂಪವನ್ನು ನಿರ್ಧರಿಸುತ್ತದೆ. ಥೈರಾಯ್ಡ್ ವಿಷಯದಲ್ಲಿ ಮೊದಲ ಮೂರು ತಿಂಗಳು ಮಗು ಪೂರ್ತಿ ತಾಯಿಯನ್ನೇ ನೆಚ್ಚಿಕೊಂಡಿರುತ್ತದೆ. ಹೊಟ್ಟೆಯಲ್ಲಿದ್ದಾಗಿನ ಹಾರ್ಮೋನ್ ಏರುಪೇರು ಹುಟ್ಟಿ ಇಪ್ಪತ್ತು ವರ್ಷದ ಮೇಲೆ ತಲೆ ಎತ್ತಬಹುದು ಎಂಬುದನ್ನು ವೈದ್ಯಲೋಕ ಕಲಿತದ್ದು ಒಂದು ಔಷಧಿಯಿಂದ. ಬ್ರಿಟನ್ನಿನ ಚಾರ್ಲ್ಸ್ ಡಾಡ್ಸ್ 1936ರಲ್ಲಿ ಬಿಪಿಎಗೆ ಈಸ್ಟ್ರೊಜನ್ ಗುಣವಿದೆ ಎಂದು ತೋರಿಸಿದರು. 1938ರಲ್ಲಿ ಅವರ ತಂಡವೇ ಅದಕ್ಕಿಂತ ಬಹಳ ಪ್ರಬಲವಾದ ಡಿಇಎಸ್ ಎಂಬ ಆ ಔಷಧಿಯನ್ನು ತಯಾರಿಸಿತು. ಗರ್ಭಪಾತ ತಡೆಯಲೆಂದು ಅದನ್ನು ಲಕ್ಷಾಂತರ ಗರ್ಭಿಣಿಯರಿಗೆ ಕೊಟ್ಟರು. ಅವರ ಹೆಣ್ಣುಮಕ್ಕಳಲ್ಲಿ ಅಪರೂಪದ ಯೋನಿ ಕ್ಯಾನ್ಸರ್ ಕಾಣಿಸಿಕೊಂಡ ಮೇಲೆ, 1971ರಲ್ಲಿ, ಗರ್ಭಿಣಿಯರಿಗೆ ಕೊಡಬಾರದೆಂದು ಅಮೆರಿಕ ಎಚ್ಚರಿಕೆ ಹೊರಡಿಸಿತು. ಡಬ್ಬಿಯ ಊಟವನ್ನು ಡಿಇಎಸ್ ಗುಳಿಗೆಗೆ ಸಮ ಮಾಡಬಾರದು, ಪ್ರಮಾಣದಲ್ಲಿ ಅಜಗಜಾಂತರ. ಆದರೆ ಕಾಲದ ಪಾಠ ಎರಡಕ್ಕೂ ಒಂದೇ.

ಇಲ್ಲಿಯವರೆಗೆ ಆಗಿದ್ದಕ್ಕೆ ಸೊಸೆ ಅಂಜಬೇಕಿಲ್ಲ, ಅದನ್ನು ಅವಳಿಗೆ ಮೊದಲು ಹೇಳಿ. ಬಿಪಿಎ ಆಗಲಿ ಥ್ಯಾಲೇಟ್ ಆಗಲಿ ಮೈಯಲ್ಲಿ ಉಳಿಯುವುದಿಲ್ಲ, ಹೆಚ್ಚಿನ ಪಾಲು ಒಂದು ದಿನದೊಳಗೆ ಮೂತ್ರದಲ್ಲಿ ಹೋಗುತ್ತದೆ. ಇಂದು ಡಬ್ಬಿ ಬದಲಿಸಿದರೆ ನಾಳೆಯೇ ಲಾಭ. ಅಯೋಡಿನ್ ಉಪ್ಪು ಬಿಡಬಾರದು, ಥೈರಾಯ್ಡ್ ನೋಡುವ ಟಿಎಸ್‌ಎಚ್ ಪರೀಕ್ಷೆ ಮಾಡಿಸದಿದ್ದರೆ ಮುಂದಿನ ತಪಾಸಣೆಯಲ್ಲಿ ಕೇಳಿ ಮಾಡಿಸಿ. ಎದೆಹಾಲಿನಲ್ಲಿ ಬಿಪಿಎ ಸಿಕ್ಕಿದೆ ಎಂಬ ಸುದ್ದಿ ಓದಿ ಮುಂದೆ ಹಾಲೂಡಿಸುವುದನ್ನು ನಿಲ್ಲಿಸುವ ಯೋಚನೆ ಮಾತ್ರ ಬೇಡವೇ ಬೇಡ.

ನಮ್ಮದು ತಟ್ಟೆ ಇಡ್ಲಿ ಹೋಟ್ಲು. ಬಟ್ಟೆ ಬದಲು ಪ್ಲಾಸ್ಟಿಕ್ ಹಾಳೆ ಹಾಕಿ ಬೇಯಿಸ್ತಿದ್ವಿ. ಈಗ ಬೇಡ ಅಂತಾರೆ. ಬಟ್ಟೆ ಹಾಕಿದರೆ ಇಡ್ಲಿ ಅಂಟುತ್ತೆ, ವಾಸನೆ ಬರುತ್ತೆ, ಒಗೆಯೋಕೆ ಆಳು ಸಾಲದು. ಏನು ಮಾಡೋದು?
— ಮದ್ದೂರು

ಬೇಡ ಎಂದದ್ದು ಸರಿಯಾದ ಮಾತೇ. 2025ರ ಫೆಬ್ರುವರಿಯಲ್ಲಿ ಆಹಾರ ಸುರಕ್ಷತಾ ಅಧಿಕಾರಿಗಳು ಹೋಟೆಲುಗಳನ್ನು ತಪಾಸಣೆ ಮಾಡಿದಾಗ ಹಲವು ಕಡೆ ಇದೇ ಹಾಳೆ ಸಿಕ್ಕಿತ್ತು, ಇಡ್ಲಿ ಬೇಯಿಸಲು ಪ್ಲಾಸ್ಟಿಕ್ ಬಳಸುವಂತಿಲ್ಲ ಎಂದು ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಆಗ ಹೇಳಿದರು. ತೆಳು ಹಾಳೆ 100 ಡಿಗ್ರಿ ಹಬೆಯಲ್ಲಿ ಹತ್ತು ಹನ್ನೆರಡು ನಿಮಿಷ ಹಸಿ ಹಿಟ್ಟಿಗೆ ಅಂಟಿಕೊಂಡಿರುತ್ತದೆ. ತೆಳು ಹಾಳೆಗೆ ಬಳಸುವ ಸಾಮಾನ್ಯ ಪಾಲಿಥೀನ್, ಅಂದರೆ ಎಲ್‌ಡಿಪಿಇ, ಕರಗುವುದೇ 105ರಿಂದ 115 ಡಿಗ್ರಿಯಲ್ಲಿ, ಅಂದರೆ ನಿಮ್ಮ ಇಡ್ಲಿ ಪೆಟ್ಟಿಗೆಯೊಳಗೆ ಅದು ಕರಗುವ ಅಂಚಿಗೆ ಬಂದಿರುತ್ತದೆ. ಅಂಗಡಿಯಲ್ಲಿ ಕೆ.ಜಿ. ಲೆಕ್ಕಕ್ಕೆ ತರುವ ಹಾಳೆ ಯಾವ ಮಾಲಿನಿಂದ ಆಗಿದೆ, ಮರುಬಳಕೆಯದೋ ಹೊಸದೋ, ನಿಮಗೂ ಗೊತ್ತಿಲ್ಲ, ಮಾರಿದವರಿಗೂ ಗೊತ್ತಿರುವುದಿಲ್ಲ. ಮನೆಯ ಡಬ್ಬಿಯಿಂದ ಒಬ್ಬರಿಗೆ ತೊಂದರೆ, ಹೋಟೆಲಿನ ಹಾಳೆಯಿಂದ ದಿನಕ್ಕೆ ನೂರಾರು ಜನಕ್ಕೆ. ಇದನ್ನು ನಾವು ಎಲ್ಲಕ್ಕಿಂತ ಮೊದಲು ನಿಲ್ಲಬೇಕಾದ ಬಳಕೆ ಎಂದು ಭಾವಿಸುತ್ತೇವೆ.

ಬಟ್ಟೆ ಅಂಟುವುದಕ್ಕೆ ಕಾರಣ ಸಾಮಾನ್ಯವಾಗಿ ಮೂರು. ಮೊದಲನೆಯದು ಹೊಸ ಬಟ್ಟೆಯ ಗಂಜಿ. ಬಣ್ಣವಿಲ್ಲದ ತೆಳು ಹತ್ತಿ ಮಲ್ಲು ಬಟ್ಟೆ ತಂದು, ಎರಡು ಸಲ ಹತ್ತು ಹತ್ತು ನಿಮಿಷ ನೀರಲ್ಲಿ ಕುದಿಸಿ ಗಂಜಿ ಬಿಡಿಸಿ. ಪಾಲಿಯೆಸ್ಟರ್ ಬೆರೆತ ಬಟ್ಟೆ ತಂದರೆ ಮತ್ತೆ ಪ್ಲಾಸ್ಟಿಕ್ಕೇ ಆಯಿತು. ಒಂದು ಎಳೆ ಕಿತ್ತು ಸುಟ್ಟು ನೋಡಿ: ಹತ್ತಿ ಕಾಗದದ ಹಾಗೆ ಸುಟ್ಟು ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಎರಡನೆಯದು, ಒಣ ಬಟ್ಟೆ ಹಾಸುವುದು. ನೀರಲ್ಲಿ ಅದ್ದಿ, ತೊಟ್ಟಿಕ್ಕದ ಹಾಗೆ ಹಿಂಡಿ ಹಾಸಿದರೆ ಹಿಟ್ಟಿನ ನೀರನ್ನು ಅದು ಎಳೆದುಕೊಳ್ಳುವುದಿಲ್ಲ. ಮೂರನೆಯದು ಅವಸರ. ಇಳಿಸಿದ ಕೂಡಲೇ ಎಳೆದರೆ ಸಿಪ್ಪೆ ಬಟ್ಟೆಗೇ ಉಳಿಯುತ್ತದೆ. ತಟ್ಟೆ ಹೊರತೆಗೆದು ಒಂದೆರಡು ನಿಮಿಷ ಬಿಟ್ಟು, ಬೋರಲು ಹಾಕಿ, ಬಟ್ಟೆಯ ಬೆನ್ನಿಗೆ ತಣ್ಣೀರು ಚಿಮುಕಿಸಿ ಅಂಚಿನಿಂದ ಬಿಡಿಸಿ. ಚೊಕ್ಕವಾಗಿ ಬರುತ್ತದೆ.

ವಾಸನೆ ಬರುವುದು ಎಳೆಗಳ ನಡುವೆ ಹಿಟ್ಟು ಉಳಿದು ಹುಳಿಯುವುದರಿಂದ. ಮೂರು ಜೊತೆ ಬಟ್ಟೆ ಇಡಿ, ಬೆಳಗಿನದನ್ನು ಒಣಗುವ ಮೊದಲೇ ತಣ್ಣೀರಲ್ಲಿ ಜಾಲಿಸಿ, ಆಮೇಲೆ ಹತ್ತು ನಿಮಿಷ ಕುದಿಸಿ, ಬಿಸಿಲಿಗೆ ಹಾಕಿ. ಮೊದಲೇ ಬಿಸಿನೀರಿಗೆ ಹಾಕಿದರೆ ಹಿಟ್ಟು ಬೆಂದು ಎಳೆಗೆ ಹಿಡಿದುಬಿಡುತ್ತದೆ, ಹೆಚ್ಚಿನ ಕಡೆ ಆಗುವ ತಪ್ಪೇ ಇದು. ಆಳು ಸಾಲದ ದಿನ ತಟ್ಟೆಗೆ ಎಣ್ಣೆ ಸವರಿ ಬಟ್ಟೆಯಿಲ್ಲದೆ ಬೇಯಿಸಬಹುದು. ಬಾಳೆಲೆ ಸಿಗುವ ಊರು ನಿಮ್ಮದು. ಎಲೆಯನ್ನು ಕೆಂಡದ ಮೇಲೆ ಬಾಡಿಸಿ ತಟ್ಟೆಯಳತೆಗೆ ಕತ್ತರಿಸಿ ಹಾಸಿದರೆ ಒಗೆಯುವ ಕೆಲಸವೇ ಇಲ್ಲ.

ಪಾರ್ಸೆಲ್ ಸಾಂಬಾರ್ ಕವರಿನಲ್ಲಿ ಕೊಡುತ್ತಾರೆ, ಟೀಯನ್ನು ಪೇಪರ್ ಲೋಟದಲ್ಲಿ. ಪೇಪರ್ ಲೋಟವಾದರೂ ಪರವಾಗಿಲ್ಲವೇ?
— ಅಶೋಕನಗರ, ಮಂಡ್ಯ

ಪೇಪರ್ ಲೋಟದ ಒಳಮೈಗೆ ನೀರು ಇಂಗದಿರಲೆಂದು ಪಾಲಿಥೀನ್ ಪದರ ಹಾಕಿರುತ್ತಾರೆ. ಖರಗಪುರದ ಐಐಟಿಯ ಸಂಶೋಧಕರು 85ರಿಂದ 90 ಡಿಗ್ರಿಯ ನೀರನ್ನು ಇಂಥ ಲೋಟದಲ್ಲಿ 15 ನಿಮಿಷ ಇಟ್ಟು ನೋಡಿದಾಗ, 100 ಮಿ.ಲೀ.ನಲ್ಲಿ ಸುಮಾರು 25,000 ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ಸಿಕ್ಕವು. ಗಾಜಿನ ಲೋಟ ಕೇಳಿ ಪಡೆಯಿರಿ.

ಸಾಂಬಾರಿನಲ್ಲಿ ನಾವು ಹೇಳಿದ ಎಲ್ಲವೂ ಒಟ್ಟಿಗೆ ಇವೆ: ಕುದಿಯ ಬಿಸಿ, ಒಗ್ಗರಣೆಯ ಎಣ್ಣೆ, ಹುಣಸೆಹುಳಿ, ಮನೆ ಮುಟ್ಟುವವರೆಗಿನ ಅರ್ಧ ಗಂಟೆ. ಕಪ್ಪು ಕವರು ಮತ್ತು ಬಣ್ಣದ ಕವರು ಎಲ್ಲಕ್ಕಿಂತ ಕೆಟ್ಟವು, ಏಕೆಂದರೆ ಯಾವ್ಯಾವುದೋ ಹಳೆ ಮಾಲು ಕರಗಿಸಿದ್ದನ್ನು ಮುಚ್ಚಲು ಬಣ್ಣ ಹಾಕುತ್ತಾರೆ. ಮರುಬಳಕೆ ಪ್ಲಾಸ್ಟಿಕ್ಕಿನ ಕವರಿನಲ್ಲಿ ತಿನ್ನುವ ಪದಾರ್ಥ ಕೊಡಬಾರದು ಎಂದು 2016ರ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳಲ್ಲೇ ಇತ್ತು. ಗಾಡಿಯ ಡಿಕ್ಕಿಯಲ್ಲಿ ಎರಡು ಅಂತಸ್ತಿನ ಸ್ಟೀಲ್ ಕ್ಯಾರಿಯರ್ ಸದಾ ಇಟ್ಟುಕೊಳ್ಳುವುದೇ ಸುಲಭದ ದಾರಿ. ಮರೆತ ದಿನ ಇಡ್ಲಿ, ಚಟ್ನಿ ಮಾತ್ರ ಕಟ್ಟಿಸಿಕೊಂಡು ಸಾಂಬಾರು ಬಿಡಿ. ಅದೂ ಆಗದಿದ್ದರೆ ಮನೆಗೆ ಬಂದ ಕೂಡಲೇ ಪಾತ್ರೆಗೆ ಸುರಿಯಿರಿ, ಕವರಿನಲ್ಲೇ ಇಟ್ಟು ರಾತ್ರಿಗೆ ಉಳಿಸಬೇಡಿ.

ಊರಿನ ಶುದ್ಧ ನೀರಿನ ಘಟಕದಿಂದ 20 ಲೀಟರ್ ಕ್ಯಾನಿನಲ್ಲಿ ನೀರು ತರುತ್ತೇವೆ. ಕ್ಯಾನು ಐದಾರು ವರ್ಷದ್ದು. ಮನೆ ಮೇಲೆ ಕಪ್ಪು ಟ್ಯಾಂಕು, ಪಿವಿಸಿ ಪೈಪು. ಇವುಗಳಲ್ಲಿ ಯಾವುದರಿಂದ ತೊಂದರೆ?
— ಮಳವಳ್ಳಿ

ಕ್ಯಾನಿನಿಂದ. ಬುಡವನ್ನು ತಿರುಗಿಸಿ, ತ್ರಿಕೋನದ ನಡುವಿನ ಅಂಕಿ ನೋಡಿ. 7 ಇದ್ದು, ಕ್ಯಾನು ಗಾಜಿನಂತೆ ಪಾರದರ್ಶಕವಾಗಿ ನೀಲಿಯಾಗಿದ್ದು, ಬೆರಳಿನಿಂದ ತಟ್ಟಿದರೆ ಗಟ್ಟಿ ಸದ್ದು ಬಂದರೆ ಅದು ಹೆಚ್ಚುಕಡಿಮೆ ಪಾಲಿಕಾರ್ಬೊನೇಟ್. ಇದರಲ್ಲಿ ಬಿಪಿಎ ಬೆರಕೆಯಲ್ಲ, ಸರಪಳಿಯ ಕೊಂಡಿಯೇ ಅದು. ಬಿಸಿಗೆ, ಕ್ಷಾರಕ್ಕೆ ಕೊಂಡಿ ಕಳಚುತ್ತದೆ. 1993ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಒಂದು ತಂಡ ಯೀಸ್ಟ್‌ನಿಂದ ಈಸ್ಟ್ರೊಜನ್ ಬರುತ್ತಿದೆ ಎಂದುಕೊಂಡು ಹುಡುಕಿದಾಗ ಸಿಕ್ಕಿದ್ದು ಬಿಪಿಎ. ಪ್ರಯೋಗದ ನೀರನ್ನು ಹಬೆಯ ಒತ್ತಡದಲ್ಲಿ ಕಾಯಿಸಿದ್ದ ಪಾಲಿಕಾರ್ಬೊನೇಟ್ ಫ್ಲಾಸ್ಕಿನಿಂದಲೇ ಅದು ಇಳಿದಿತ್ತು.

ನಿಮ್ಮ ಕ್ಯಾನಿಗೆ ಆ ಕಾವಿಲ್ಲ. ಆದರೆ ಗೂಡ್ಸ್ ಆಟೋದಲ್ಲಿ, ಅಂಗಡಿ ಮುಂದೆ ಬಿಸಿಲಲ್ಲಿ ದಿನವಿಡೀ ಇರುತ್ತದೆ. ಒಳಗೆ ಪಾಚಿ ಕಟ್ಟಿತೆಂದು ಬಿಸಿನೀರು, ಸೋಡಾ, ಬ್ಲೀಚಿಂಗ್ ಪುಡಿ, ಮರಳು ಹಾಕಿ ಕುಲುಕುವುದೂ ಉಂಟು. ಅದೇ ಕ್ಯಾನನ್ನು ಬೇಗ ಹಾಳುಮಾಡುತ್ತದೆ. ಒಳಮೈ ಮಂಜಾಗಿದ್ದರೆ, ಗೀರು ಬಿದ್ದಿದ್ದರೆ, ಕತ್ತಿನ ಬಳಿ ಸಣ್ಣ ಬಿರುಕಿದ್ದರೆ ಕುಡಿಯುವ ನೀರಿಗೆ ಬೇಡ. ಘಟಕದಲ್ಲಿ ನಮ್ಮ ಪಾತ್ರೆಗೇ ನೀರು ಹಿಡಿಯುವ ಅನುಕೂಲವಿದೆಯಲ್ಲ, ಮುಚ್ಚಳವಿರುವ ಸ್ಟೀಲ್ ಕ್ಯಾನು ಒಯ್ಯಿರಿ. ಭಾರ, ದುಡ್ಡು ಹೆಚ್ಚು ಎನಿಸಿದರೆ 2 ಅಂಕಿಯ, ಹಾಲು ಬಣ್ಣದ ಎಚ್‌ಡಿಪಿಇ ಕ್ಯಾನು ತಂದು, ಮನೆಗೆ ಬಂದೊಡನೆ ಸ್ಟೀಲ್ ಡ್ರಮ್ಮಿಗೆ ಬಗ್ಗಿಸಿ.

ಕಪ್ಪು ಟ್ಯಾಂಕು ಪಾಲಿಥೀನ್, ಅದಕ್ಕೆ ಬಿಪಿಎ ಆಗಲಿ ಮೆದುಕಾರಿ ಆಗಲಿ ಬೇಕಿಲ್ಲ. ವರ್ಷಕ್ಕೆರಡು ಸಲ ತೊಳೆಯಿರಿ, ಸಾಕು. ಗಟ್ಟಿ ಪಿವಿಸಿ ಪೈಪಿನಲ್ಲೂ ಥ್ಯಾಲೇಟ್ ಇರುವುದಿಲ್ಲ. ಅದರ ಹಳೆಯ ತೊಂದರೆ ಸೀಸ. ಪೈಪಿಗೆ ಸೀಸದ ಬೆರಕೆಯನ್ನು ನಿಲ್ಲಿಸುವ ನಿಯಮ ಕೇಂದ್ರದಿಂದ ಬಂದದ್ದೇ 2021ರಲ್ಲಿ. ಹಳೆ ಪೈಪಾಗಿದ್ದರೆ ಬೆಳಗಿನ ಮೊದಲ ನೀರನ್ನು ಒಂದೆರಡು ನಿಮಿಷ ಬಿಟ್ಟು, ಗಿಡಕ್ಕೆ ಹಾಕಿ, ಆಮೇಲೆ ಅಡುಗೆಗೆ ಹಿಡಿಯಿರಿ. ಥ್ಯಾಲೇಟ್ ಇರುವುದು ಗಿಡಕ್ಕೆ ನೀರು ಬಿಡುವ ಮೆತ್ತನೆಯ ಹಸಿರು ಪೈಪಿನಲ್ಲಿ. ಬಿಸಿಲಲ್ಲಿ ಬಿದ್ದ ಆ ಪೈಪಿಗೆ ಮಕ್ಕಳು ಬಾಯಿ ಹಚ್ಚಿ ನೀರು ಕುಡಿಯುವುದನ್ನು ತಪ್ಪಿಸಿ. ಮದುವೆ ಮನೆಯಲ್ಲಿ ಕೊಳದಪ್ಪಲೆಗೆ ಅದೇ ಪೈಪಿನಿಂದ ನೀರು ತುಂಬುವುದನ್ನೂ.

ನಾನು ಬಸ್ ಕಂಡಕ್ಟರ್. ದಿನಕ್ಕೆ ನೂರಾರು ಟಿಕೆಟ್ ಹರಿದು ಕೊಡುತ್ತೇನೆ. ಮಿಷಿನ್ ಟಿಕೆಟ್ಟಿನ ಕಾಗದದಲ್ಲಿ ವಿಷ ಇದೆಯಂತೆ, ನಿಜವಾ ಸಾರ್?
— ಶ್ರೀರಂಗಪಟ್ಟಣ

ಕಾಗದದ ಮುಂಬದಿಯನ್ನು ಉಗುರಿನಿಂದ ಜೋರಾಗಿ ಗೀರಿ ನೋಡಿ. ಕಪ್ಪು ಗೆರೆ ಮೂಡಿದರೆ ಅದು ಥರ್ಮಲ್ ಕಾಗದ. ಇದಕ್ಕೆ ಶಾಯಿ ಇಲ್ಲ. ಕಾಗದಕ್ಕೆ ಲೇಪಿಸಿದ ಬಣ್ಣದ ಮೂಲವಸ್ತು ಮತ್ತು ಬಣ್ಣ ಮೂಡಿಸುವ ರಾಸಾಯನಿಕ ಕಾವಿಗೆ ಸೇರಿ ಅಕ್ಷರವಾಗುತ್ತವೆ. ಆ ಬಣ್ಣ ಮೂಡಿಸುವ ರಾಸಾಯನಿಕವಾಗಿ ಬಹಳ ಕಾಲ ಬಳಸಿದ್ದು ಬಿಪಿಎ, ಕಾಗದದ ತೂಕದ ನೂರಕ್ಕೆ ಒಂದೆರಡು ಪಾಲು. ಪಾಲಿಕಾರ್ಬೊನೇಟ್ ಕ್ಯಾನಿನಲ್ಲಿ ಅದು ಸರಪಳಿಯ ಕೊಂಡಿ, ಇಲ್ಲಿ ಬಿಡಿಬಿಡಿಯಾಗಿ ಪುಡಿಯಂತೆ ಮೇಲೇ ಕೂತಿರುತ್ತದೆ. ಆದ್ದರಿಂದ ಬೆರಳಿಗೆ ಹತ್ತುತ್ತದೆ. ಐರೋಪ್ಯ ಒಕ್ಕೂಟ 2020ರ ಜನವರಿಯಿಂದ ಇಂಥ ಕಾಗದದಲ್ಲಿ ಬಿಪಿಎ ನೂರಕ್ಕೆ 0.02 ಮುಟ್ಟಬಾರದೆಂದಿತು. ಆಗ ಹಲವು ತಯಾರಕರು ಅದರ ತಮ್ಮನಂಥ ಬಿಪಿಎಸ್‌ಗೆ ಹೊರಳಿದರು.

ಒಂದು ಟಿಕೆಟ್ ಹಿಡಿದ ಪ್ರಯಾಣಿಕರಿಗೆ ಇದು ಲೆಕ್ಕಕ್ಕಿಲ್ಲ. ನಿಮ್ಮಂಥವರಿಗೆ, ಅಂಗಡಿಯ ಕ್ಯಾಶಿನಲ್ಲಿ ಕೂರುವವರಿಗೆ ಲೆಕ್ಕಕ್ಕಿದೆ. ನಾಲ್ಕು ಅಭ್ಯಾಸ ಬದಲಿಸಿದರೆ ದೊಡ್ಡ ಪಾಲು ತಪ್ಪುತ್ತದೆ. ಟಿಕೆಟ್ ಎಣಿಸಲು, ನೋಟು ಬಿಡಿಸಲು ಬೆರಳನ್ನು ನಾಲಿಗೆಗೆ ಹಚ್ಚಬೇಡಿ, ಒದ್ದೆ ಸ್ಪಂಜಿನ ಡಬ್ಬಿ ಇಟ್ಟುಕೊಳ್ಳಿ. ಸ್ಯಾನಿಟೈಸರ್, ಕೈಗೆ ಹಚ್ಚುವ ಕ್ರೀಮು ಚರ್ಮದ ತಡೆಯನ್ನು ಸಡಿಲಿಸಿ ಬಿಪಿಎ ಒಳಸೇರುವುದನ್ನು ಹೆಚ್ಚಿಸುತ್ತವೆ. ಹಚ್ಚಿದ ಕೂಡಲೇ ರೋಲು ಮುಟ್ಟಬೇಡಿ. ನಿಲ್ದಾಣದಲ್ಲಿ ಊಟಕ್ಕೆ ಕೂರುವ ಮುಂಚೆ ಸೋಪಿನಿಂದಲೇ ಕೈ ತೊಳೆಯಿರಿ. ಮೆಷಿನ್ನಿನಲ್ಲಿ ಉಳಿದ ಚೂರುಗಳನ್ನು ಅಂಗಿ ಜೇಬಿಗೆ ತುಂಬಿಕೊಂಡು ಮನೆಗೆ ಒಯ್ಯಬೇಡಿ. ನಿಮ್ಮ ಜೊತೆಯ ಮಹಿಳಾ ಕಂಡಕ್ಟರ್ ಗರ್ಭಿಣಿಯಾದರೆ ಆ ತಿಂಗಳುಗಳಲ್ಲಿ ಟಿಕೆಟ್ ಕೆಲಸದಿಂದ ಬದಲಿ ಕೆಲಸ ಕೇಳುವುದು ನ್ಯಾಯವಾದ ಬೇಡಿಕೆ, ಸಂಘದ ಮೂಲಕವೇ ಕೇಳಿ.

ಮಗಳಿಗೆ ಸ್ಕೂಲಿಗೆ ಬಿಪಿಎ ಇಲ್ಲದ ಬಾಟಲಿ ಅಂತ ದುಬಾರಿಯದ್ದನ್ನು ಕೊಂಡಿದ್ದೇವೆ. ಸರಿಯೇ?
— ವಿಜಯನಗರ, ಮೈಸೂರು

ಅದೇ ದುಡ್ಡಿಗೆ ಸ್ಟೀಲ್ ಬಾಟಲಿ ಬರುತ್ತಿತ್ತು. ಬಿಪಿಎ ಇಲ್ಲ ಎಂದರೆ ಬಿಪಿಎಸ್, ಬಿಪಿಎಫ್ ಇಲ್ಲ ಎಂದಲ್ಲ, ಪ್ರಯೋಗಶಾಲೆಯಲ್ಲಿ ಅವುಗಳ ನಡತೆಯೂ ಬಿಪಿಎಗೆ ಬಹಳ ಹತ್ತಿರ. ಬುಡದಲ್ಲಿ 5 ಇದ್ದರೆ ಪಾಲಿಪ್ರೊಪಿಲೀನ್, ತಣ್ಣೀರಿಗೆ ಪರವಾಗಿಲ್ಲ. ಅಂಗಡಿಯ ನೀರಿನ ಬಾಟಲಿ ಪೆಟ್, ಅಂಕಿ 1. ಅದರಲ್ಲಿ ಬಿಪಿಎ ಇದೆ ಎಂದು ಎಷ್ಟೋ ಜನ ನಂಬಿದ್ದಾರೆ, ಇಲ್ಲ. ಅದರಲ್ಲಿರುವುದು ತಯಾರಿಕೆಯಲ್ಲಿ ಉಳಿದ ಆಂಟಿಮನಿ ಎಂಬ ಧಾತು, ಬಿಸಿಲಲ್ಲಿ ನಿಂತ ಕಾರಿನೊಳಗೆ ವಾರಗಟ್ಟಲೆ ಬಿಟ್ಟರೆ ಅದು ನೀರಿಗೆ ಇಳಿಯುವುದು ಹೆಚ್ಚುತ್ತದೆ.

ನಿಯಮಗಳು ಎತ್ತ ಹೋಗುತ್ತಿವೆ ನೋಡಿ. ನಮ್ಮಲ್ಲಿ ಹಾಲೂಡಿಸುವ ಪ್ಲಾಸ್ಟಿಕ್ ಬಾಟಲಿಯ ಮಾನದಂಡ, 2015ರ ಐಎಸ್ 14625, ಬಿಪಿಎ ಕೂಡದು ಎನ್ನುತ್ತದೆ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2023ರಲ್ಲಿ, ದಿನಕ್ಕೆ ಇಷ್ಟು ಮೈ ಸೇರಿದರೂ ತಾಳಿಕೊಳ್ಳಬಹುದು ಎಂಬ ಬಿಪಿಎ ಮಿತಿಯನ್ನು ಮೈತೂಕದ ಪ್ರತಿ ಕೆ.ಜಿ.ಗೆ 4 ಮೈಕ್ರೋಗ್ರಾಂನಿಂದ 0.2 ನ್ಯಾನೋಗ್ರಾಂಗೆ ಇಳಿಸಿತು. ಅಂದರೆ 20,000 ಪಟ್ಟು ಕಡಿಮೆ. ಜರ್ಮನಿಯ ಅಪಾಯ ಮೌಲ್ಯಮಾಪನ ಸಂಸ್ಥೆ ಇದನ್ನು ಒಪ್ಪದೆ 200 ನ್ಯಾನೋಗ್ರಾಂ ಎಂದಿತು. ವಿಜ್ಞಾನಿಗಳಲ್ಲಿ ಭಿನ್ನಾಭಿಪ್ರಾಯ ದೊಡ್ಡದೇ. ಆದರೆ ಆಕ್ಷೇಪ ಎತ್ತಿದವರ ಅಂಕಿಯೂ ಹಳೆಯ ಮಿತಿಗಿಂತ 20 ಪಟ್ಟು ಕೆಳಗಿದೆ ಎಂಬುದನ್ನು ಗಮನಿಸಬೇಕು.

ಏಳೂವರೆ ವರ್ಷದ ಮಗಳಿಗೆ ಎದೆಯ ಬಳಿ ಗಂಟಿನಂತೆ ಮೂಡಿದೆ. ಪ್ಲಾಸ್ಟಿಕ್ ಡಬ್ಬಿ, ಪ್ಯಾಕೆಟ್ ತಿಂಡಿಯಿಂದ ಹೀಗಾಗಿದೆ ಎಂದು ಮನೆಯಲ್ಲಿ ನನ್ನನ್ನು ಬೈಯುತ್ತಿದ್ದಾರೆ.
— ನಂಜನಗೂಡು

ಅಮ್ಮಾ, ನಿಮ್ಮ ತಪ್ಪೆಂದು ಹೇಳುವ ಆಧಾರ ಯಾರ ಬಳಿಯೂ ಇಲ್ಲ. ಹೆಣ್ಣುಮಕ್ಕಳಿಗೆ 8 ವರ್ಷದೊಳಗೆ, ಗಂಡುಮಕ್ಕಳಿಗೆ 9 ವರ್ಷದೊಳಗೆ ಪ್ರಾಯದ ಗುರುತು ಕಂಡರೆ ಮಕ್ಕಳ ವೈದ್ಯರಿಗೆ ತೋರಿಸಬೇಕು, ಈ ವಾರವೇ ಹೋಗಿ. ಶಾಲೆಯಲ್ಲಿ ಬರೆದಿಟ್ಟ ಹಿಂದಿನ ಎರಡು ವರ್ಷದ ಎತ್ತರ, ತೂಕದ ವಿವರ ಒಯ್ಯಿರಿ. ಎತ್ತರ ಒಮ್ಮೆಲೇ ಜಿಗಿದಿದ್ದರೆ ಅದು ಮುಖ್ಯ ಸುಳಿವು. ಎಡಗೈ ಎಕ್ಸ್‌ರೇ ತೆಗೆದು ಮೂಳೆಯ ವಯಸ್ಸು ನೋಡುತ್ತಾರೆ, ಪ್ರಾಯದ ಹಾರ್ಮೋನಾದ ಎಲ್‌ಎಚ್ ಮುಂತಾದವುಗಳ ರಕ್ತಪರೀಕ್ಷೆ, ಬೇಕಾದರೆ ಸ್ಕ್ಯಾನ್ ಮಾಡಿಸುತ್ತಾರೆ. ಎದೆ ಮಾತ್ರ ಸ್ವಲ್ಪ ಮೂಡಿ ಅಲ್ಲಿಗೇ ನಿಲ್ಲುವ ಮಕ್ಕಳೂ ಇದ್ದಾರೆ. ನಿಜವಾಗಿ ಮುಂಚಿತ ಪ್ರಾಯವಾಗಿದ್ದರೆ ಅದನ್ನು ತಡೆಹಿಡಿಯುವ ಚುಚ್ಚುಮದ್ದಿದೆ, ಹೊತ್ತಿಗೆ ಸರಿಯಾಗಿ ಕೊಟ್ಟರೆ ಎತ್ತರ ಉಳಿಯುತ್ತದೆ. ಕಾರಣ ಹುಡುಕುತ್ತಾ ತಿಂಗಳು ಕಳೆಯುವುದೇ ನಿಜವಾದ ನಷ್ಟ.

ರಾಸಾಯನಿಕದ ಸಂಬಂಧ ಇಲ್ಲವೆಂದಲ್ಲ. ಗರ್ಭಿಣಿಯರ ಮೂತ್ರದಲ್ಲಿ ಸುಗಂಧದ್ರವ್ಯಗಳಲ್ಲಿ ಬಳಸುವ ಥ್ಯಾಲೇಟ್ ಹೆಚ್ಚಿದ್ದರೆ ಅವರ ಹೆಣ್ಣುಮಕ್ಕಳು ತುಸು ಬೇಗ ಪ್ರಾಯಕ್ಕೆ ಬಂದದ್ದು ಕ್ಯಾಲಿಫೋರ್ನಿಯಾದ ದೀರ್ಘ ಅಧ್ಯಯನವೊಂದರಲ್ಲಿ ಕಂಡಿದೆ. ಆದರೆ ಅಲ್ಲಿನ ಅಂತರ ತಿಂಗಳುಗಳದ್ದು. ಮೈತೂಕ, ವಂಶದ ಗುಣ ಇವುಗಳ ಪಾಲು ದೊಡ್ಡದು. ಮನೆಯಲ್ಲಿ ಯಾರಾದರೂ ಹಾರ್ಮೋನಿನ ಜೆಲ್ ಅಥವಾ ಕ್ರೀಮ್ ಹಚ್ಚಿಕೊಳ್ಳುತ್ತಿದ್ದರೆ ಅದನ್ನು ವೈದ್ಯರಿಗೆ ಮರೆಯದೆ ಹೇಳಿ, ಮಗುವಿನ ಮೈಗೆ ಅದು ತಾಗಿಯೂ ಹೀಗಾಗುತ್ತದೆ. ಮಗುವಿಗೆ ಸೆಂಟು, ನೇಲ್ ಪಾಲಿಶ್ ನಿಲ್ಲಿಸಿ. ಮೆತ್ತಗೆ ಜಿಡ್ಡುಜಿಡ್ಡಾಗಿರುವ, ಘಾಟು ಬರುವ ಪಿವಿಸಿ ಆಟಿಕೆ ತೆಗೆದುಹಾಕಿ. 2021ರಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ, ಜಾತ್ರೆಯ ಗಾಡಿಯಲ್ಲಿ ಕೊಳ್ಳುವಾಗಲೂ ನೋಡಿ. ಅರಗು ಬಣ್ಣದ ಚನ್ನಪಟ್ಟಣದ ಮರದ ಗೊಂಬೆ ದೂರದಲ್ಲೇನಿಲ್ಲ.

ಪಕ್ಕದ ಆಲೆಮನೆಯಲ್ಲಿ ಒಲೆಗೆ ಪ್ಲಾಸ್ಟಿಕ್, ಹಳೆ ಟೈರ್ ಹಾಕುತ್ತಾರೆ. ಹೊಗೆ ನಮ್ಮ ಹಟ್ಟಿ ಮೇಲೇ ಬರುತ್ತದೆ. ಹಸು ಮೇವಿಗೂ ಬೀಳುತ್ತದೆ. ಕೇಳಿದರೆ ಮಳೆಗಾಲದಲ್ಲಿ ಸಿಪ್ಪೆ ಉರಿಯಲ್ಲ ಅಂತಾರೆ.
— ಪಾಂಡವಪುರ

ಇಲ್ಲಿಯವರೆಗೆ ಹೇಳಿದ್ದಕ್ಕಿಂತ ಇದು ಗಂಭೀರ. ಬಿಪಿಎ, ಥ್ಯಾಲೇಟ್ ದಿನದಲ್ಲಿ ಹೋಗುತ್ತವೆ, ಪ್ಲಾಸ್ಟಿಕ್ ಸುಟ್ಟಾಗ ಹುಟ್ಟುವ ಡಯಾಕ್ಸಿನ್ ಎಂಬ ವಿಷ ಹೋಗುವುದಿಲ್ಲ. ಪಿವಿಸಿಯ ತೂಕದಲ್ಲಿ ನೂರಕ್ಕೆ 57 ಕ್ಲೋರಿನ್. ಅದು ಅರೆಬರೆ ಉರಿದಾಗ, ಮುಖ್ಯವಾಗಿ ಹೊಗೆ 200ರಿಂದ 450 ಡಿಗ್ರಿಯ ನಡುವೆ ತಣಿಯುವಾಗ ಬೂದಿಯ ಕಣಗಳ ಮೇಲೆ ಡಯಾಕ್ಸಿನ್ ಹುಟ್ಟುತ್ತದೆ. ತ್ಯಾಜ್ಯ ಸುಡುವ ದೊಡ್ಡ ಸ್ಥಾವರಗಳಲ್ಲಿ ಹೊಗೆಯನ್ನು 850 ಡಿಗ್ರಿಗೂ ಮೇಲೆ ಎರಡು ಸೆಕೆಂಡು ಹಿಡಿದಿಟ್ಟು, ಆಮೇಲೆ ಥಟ್ಟನೆ ತಣಿಸಿ, ಸೋಸಿ ಬಿಡುತ್ತಾರೆ. ಕೊಪ್ಪರಿಗೆಯ ಕೆಳಗಿನ ಒಲೆಗೆ ಅದು ಸಾಧ್ಯವಿಲ್ಲ. ಡಯಾಕ್ಸಿನ್ ಮೇವಿನ ಮೇಲೆ ಕೂತು, ಹಸುವಿನ ಕೊಬ್ಬಿಗೆ ಸೇರಿ, ಹಾಲಿನ ಕೆನೆಯಲ್ಲಿ ನಮಗೆ ಬರುತ್ತದೆ. ಮನುಷ್ಯರ ಮೈ ಸೇರಿದ ಡಯಾಕ್ಸಿನ್ ಅರ್ಧಕ್ಕಿಳಿಯಲು ಏಳು ವರ್ಷವಾದರೂ ಬೇಕು. ಥೈರಾಯ್ಡ್, ಲೈಂಗಿಕ ಹಾರ್ಮೋನು, ರೋಗನಿರೋಧಕ ಶಕ್ತಿ ಮೂರನ್ನೂ ಅದು ಕಾಡುತ್ತದೆ.

ಆಲೆಮನೆಯವರ ಕಷ್ಟವೂ ಸುಳ್ಳಲ್ಲ. ಗಾಣದಿಂದ ಬಂದ ಸಿಪ್ಪೆಯಲ್ಲಿ ಅರ್ಧದಷ್ಟು ನೀರೇ ಇರುತ್ತದೆ. ಬೇಸಿಗೆಯಲ್ಲಿ ಎರಡು ಮೂರು ದಿನದ ಬಿಸಿಲು ಸಾಕು, ಮಳೆಗಾಲದಲ್ಲಿ ಒಣಗದು. ಬೇಸಿಗೆಯಲ್ಲೇ ಒಣಸಿಪ್ಪೆ ಒಟ್ಟಿ, ಮೇಲೆ ಶೀಟಿನ ಮಾಡು ಹಾಕಿ ಇಟ್ಟುಕೊಳ್ಳಬೇಕು. ಒಲೆಯ ತಳಕ್ಕೆ ಕಬ್ಬಿಣದ ಜಾಲರಿ ಕೂರಿಸಿ ಕೆಳಗಿನಿಂದ ಗಾಳಿ ಬರುವಂತೆ ಮಾಡಿದರೆ ಕಡಿಮೆ ಸಿಪ್ಪೆಗೆ ಹೆಚ್ಚು ಕಾವು ಸಿಗುತ್ತದೆ. ಹೊಗೆ ಕೊಳವೆಗೆ ಹೋಗುವ ದಾರಿಯಲ್ಲಿ ಇನ್ನೊಂದು ಕೊಪ್ಪರಿಗೆ ಇಟ್ಟು ಕಬ್ಬಿನ ಹಾಲನ್ನು ಮೊದಲೇ ಬೆಚ್ಚಗೆ ಮಾಡಿಕೊಂಡರೆ ಉರುವಲು ಇನ್ನೂ ಉಳಿಯುತ್ತದೆ. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ ಒಲೆಯ ವಿನ್ಯಾಸದ ಬಗ್ಗೆ ಸಲಹೆ ಕೇಳಲಿ. ಮೊದಲು ಹೀಗೆ ಮಾತಾಡಿ ನೋಡಿ. ಕೇಳದಿದ್ದರೆ ದಿನ, ಹೊತ್ತು, ಹೊಗೆಯ ಫೋಟೋ, ರಾಶಿ ಹಾಕಿದ ಪ್ಲಾಸ್ಟಿಕ್ಕಿನ ಫೋಟೋ ಸಹಿತ ಗ್ರಾಮ ಪಂಚಾಯ್ತಿಗೂ ಮಾಲಿನ್ಯ ನಿಯಂತ್ರಣ ಮಂಡಳಿಯ ಜಿಲ್ಲಾ ಕಚೇರಿಗೂ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಅಲ್ಲಿಯವರೆಗೆ ಮೇವನ್ನು ಮುಚ್ಚಿಡಿ. ಆ ಒಲೆಯ ಬೂದಿಯನ್ನು ಗದ್ದೆಗೂ ಪಾತ್ರೆ ತಿಕ್ಕಲೂ ತರಬೇಡಿ.

ಮೈಯಲ್ಲಿ ಎಷ್ಟು ಪ್ಲಾಸ್ಟಿಕ್ ಇದೆ ಎಂದು ಪರೀಕ್ಷೆ ಮಾಡಿಸಬಹುದೇ? ಪಿಸಿಒಡಿ ಇದೆ, ವಯಸ್ಸು 24.
— ಕುವೆಂಪುನಗರ, ಮೈಸೂರು

ದುಡ್ಡು ದಂಡ. ಮೂತ್ರದ ಬಿಪಿಎ ಬೆಳಿಗ್ಗೆಗೊಂದು ಸಂಜೆಗೊಂದು ಇರುತ್ತದೆ, ಫಲಿತಾಂಶ ನೋಡಿ ವೈದ್ಯರು ಕೊಡುವ ಮದ್ದೂ ಇಲ್ಲ. ಪಿಸಿಒಡಿ ಇರುವವರಲ್ಲಿ ಬಿಪಿಎ ಹೆಚ್ಚು ಕಂಡ ಅಧ್ಯಯನಗಳಿವೆ. ಆದರೆ ಬಿಪಿಎಯಿಂದ ಪಿಸಿಒಡಿ ಬಂತೋ, ಪಿಸಿಒಡಿಯ ಹಾರ್ಮೋನು ಬಿಪಿಎ ಹೊರಹೋಗುವುದನ್ನು ನಿಧಾನ ಮಾಡಿತೋ ಇನ್ನೂ ಇತ್ಯರ್ಥವಾಗಿಲ್ಲ. ಆ ಹಣದಲ್ಲಿ ಸಕ್ಕರೆ, ಟಿಎಸ್‌ಎಚ್ ಪರೀಕ್ಷೆ ಮಾಡಿಸಿ, ವೈದ್ಯರು ಹೇಳಿದ ವ್ಯಾಯಾಮ ಬಿಡಬೇಡಿ.

ಊಟ ಬದಲಿಸಿದರೆ ಏನಾಗುತ್ತದೆ ಎಂಬುದಕ್ಕೆ ಒಳ್ಳೆಯ ಪುರಾವೆ ಇದೆ. 2011ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗದಲ್ಲಿ ಐದು ಕುಟುಂಬಗಳ 20 ಜನ ಮೂರು ದಿನ ಡಬ್ಬಿ, ಪೊಟ್ಟಣದ ಆಹಾರ ಬಿಟ್ಟು, ತಾಜಾ ಅಡುಗೆಯನ್ನು ಗಾಜು ಮತ್ತು ಸ್ಟೀಲಿನಲ್ಲಿ ಇಟ್ಟು ತಿಂದರು. ಮೂತ್ರದ ಬಿಪಿಎ ಸರಾಸರಿ ನೂರಕ್ಕೆ 66ರಷ್ಟು, ಡಿಇಎಚ್‌ಪಿಯ ಗುರುತುಗಳು ಅರ್ಧಕ್ಕಿಂತ ಹೆಚ್ಚು ಇಳಿದವು.

ಅಡುಗೆಮನೆ ತುಂಬ ಪ್ಲಾಸ್ಟಿಕ್ಕೇ ಇದೆ. ಒಟ್ಟಿಗೆ ಬದಲಿಸಲು ದುಡ್ಡಿಲ್ಲ. ಯಾವುದು ಮೊದಲು? ತೆಗೆದದ್ದನ್ನು ಏನು ಮಾಡಲಿ?
— ಕೆ.ಆರ್. ಪೇಟೆ

ಬಿಸಿ ತಾಗುವುದು ಮೊದಲು: ಊಟದ ಡಬ್ಬಿ, ಸಾರಿನ ಸೌಟು, ಚಹಾ ಸೋಸುವ ಜರಡಿ, ಬಿಸಿ ಹಾಲು ಕುಡಿಯುವ ಮಗುವಿನ ಲೋಟ. ಕುದಿಯುವ ಚಹಾ ದಿನಕ್ಕೆ ಮೂರು ಸಲ ಪ್ಲಾಸ್ಟಿಕ್ ಜರಡಿಯಲ್ಲಿ ಹಾದುಹೋಗುವುದು ಯಾರ ಗಮನಕ್ಕೂ ಬರುವುದಿಲ್ಲ. ಸ್ಟೀಲ್ ಜರಡಿಗೆ ಹೆಚ್ಚು ದುಡ್ಡೂ ಬೇಡ.

ಎರಡನೆಯದು ಜಿಡ್ಡು ಮತ್ತು ಹುಳಿ. ವರ್ಷಗಟ್ಟಲೆ ಇಡುವ ಉಪ್ಪಿನಕಾಯಿಗೆ ಪಿಂಗಾಣಿ ಜಾಡಿ ಅಥವಾ ಗಾಜು, ಎಣ್ಣೆ ತುಪ್ಪಕ್ಕೆ ಸ್ಟೀಲು. ಗಾಣದ ಎಣ್ಣೆ ತರಲು ಹಳೆ ನೀರಿನ ಬಾಟಲಿ ಒಯ್ಯುವುದನ್ನು ಬಿಡಿ. ಮೂರನೆಯದು ದಿನಗಟ್ಟಲೆ ನೀರು ನಿಲ್ಲುವ ಕೊಡ, ಬಿಂದಿಗೆ.

ರಾಗಿ, ಬೇಳೆ, ಉಪ್ಪು, ಸಕ್ಕರೆಯ ಡಬ್ಬಿಗಳನ್ನು ಮುಟ್ಟಲೇಬೇಡಿ. ಒಣ ಪದಾರ್ಥ, ಕೋಣೆಯ ತಂಪು, ಜಿಡ್ಡಿಲ್ಲ, ಇಳಿಯುವುದು ತೀರಾ ಕಡಿಮೆ. ಅವನ್ನು ಬದಲಿಸುವ ದುಡ್ಡಿನಲ್ಲಿ ಒಂದು ಒಳ್ಳೆಯ ಊಟದ ಡಬ್ಬಿ ಬರುತ್ತದೆ. ತೆಗೆದ ಡಬ್ಬಿಗಳಲ್ಲಿ ಗಟ್ಟಿಯಿರುವುದಕ್ಕೆ ಬಿತ್ತನೆ ಬೀಜ, ಮೊಳೆ, ಬಟ್ಟೆ ಕ್ಲಿಪ್ಪು ಹಾಕಿಕೊಳ್ಳಿ. ಒಡೆದದ್ದನ್ನು ತೊಳೆದು ಒಣಕಸಕ್ಕೆ ಕೊಡಿ. ಬಚ್ಚಲ ಹಂಡೆಯ ಒಲೆಗೆ ಮಾತ್ರ ಹಾಕಬೇಡಿ, ಪಾಂಡವಪುರದವರಿಗೆ ಹೇಳಿದ ಕಾರಣ ನಿಮ್ಮ ಮನೆಯ ಒಲೆಗೂ ಅನ್ವಯಿಸುತ್ತದೆ.